ಸೆಟ್ ಎಂಬ ಪದವೂ ನಮ್ಮ ಮನೆತನದ ಅಂಟೂ

ನಮ್ಮ ಮುತ್ತಜ್ಜ ಒಂದು ಮೊಳೆಯನ್ನೂ ಮುಟ್ಟದೆ ಇಡೀ ಮನೆಗೆ ಬಾಗಿಲು ಕೂರಿಸಿದವನು. ನಮ್ಮಜ್ಜ ಕಣ್ಣಳತೆಯಲ್ಲೇ ತೊಲೆ ಕೊಯ್ದವನು. ಆಮೇಲೆ ಅಳತೆಪಟ್ಟಿ ಹಿಡಿದವರು ಪಟ್ಟಿಯನ್ನೇ ಅನುಮಾನಿಸಿದರಂತೆ! ಅಂಥ ಬಡಗಿಗಳ ಕುಡಿ ನಾನು. ಶಾಲೆಗೆ ಮೆಟ್ಟಿಲು ಮಾಡಿಕೊಟ್ಟವನೇ ಹೊರತು ಹತ್ತಿದವನಲ್ಲ. ಕಲಿತದ್ದೆಲ್ಲ ಸ್ವಂತ ಬಲದಿಂದ. ಒಂದು ಇಂಗ್ಲಿಷ್ ಪದಕ್ಕೆ ಹೆದರುತ್ತೇನೆಯೇ?

ಸೊಸೆ ಟೀಚರು. "ಮಾವ, 'ಸೆಟ್' ಅನ್ನೋ ಪದಕ್ಕೆ ಎಷ್ಟು ಅರ್ಥ ಅಂತ ಮಕ್ಕಳು ತಲೆ ಕೆಡಿಸ್ಕೊಂಡಿದ್ದಾರೆ" ಎಂದಳು.

"ನಾಳೆ ಮೂರು ಗಂಟೆಗೆ ನಾನೇ ಬಂದು ಹೇಳ್ತೀನಿ, ಸಾರಿಬಿಡು!"

ಸಾರಿಯೇಬಿಟ್ಟಳು. ಆಮೇಲೆ ನಿಘಂಟು ತೆರೆದೆ. ನಾಲ್ಕು ಪುಟ! ಕಪ್ಪು ಬಸಿಯೂ ಸೆಟ್, ಕಟ್ಟಿಸಿಕೊಂಡ ಹಲ್ಲೂ ಸೆಟ್, ಅಲಾರಂ ಇಡುವುದೂ ಸೆಟ್, ಚೌಕಟ್ಟಿಗೆ ಬಾಗಿಲು ಕೂರಿಸುವುದೂ ಸೆಟ್, ಸೂರ್ಯ ಮುಳುಗುವುದೂ ಸೆಟ್!

ಬಾಯಿಪಾಠಕ್ಕೆಂದು ಮರುದಿನ ಊಟವಾದ ಮೇಲೆ, ನನ್ನವಳು ಹಲ್ಲು ಬಿಚ್ಚಿಟ್ಟು ಮಲಗಿದ್ದಾಗ, ನಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಒಂದೊಂದು ಅರ್ಥವನ್ನು ಒಂದೊಂದು ಚೀಟಿಯಲ್ಲಿ ಬರೆದು ಆಯಾ ವಸ್ತುವಿಗೆ ಅಂಟಿಸಿದೆ. ಜೋಡಿಸುವ ಎರಡು ತುಂಡಿನ ಮೇಲೂ ಬೀಳುವಂತೆ ಗುರುತು ಹಾಕಬೇಕು, ಇದು ಬಡಗಿಯ ಮೊದಲ ಪಾಠ. ಹಾಗೆಯೇ ಕಪ್ಪು ಬಸಿ ಸೇರಿಸಿ ಒಂದು ಚೀಟಿ, ಅವಳ ಹಲ್ಲಿನ ಡಬ್ಬಿಗೂ ಮುಚ್ಚಳಕ್ಕೂ ಒಂದು, ಬಾಗಿಲಿಗೂ ಚೌಕಟ್ಟಿಗೂ ಒಂದು. ಚೀಟಿ ಉದುರೀತೆಂದು ಸಂದಿಗೂ ಅಂಟನ್ನು ಧಾರಾಳವಾಗಿ ಇಳಿಬಿಟ್ಟೆ. ನಮ್ಮ ಮನೆತನದ ಅಂಟು ಅದು: ಮರ ಸೀಳೀತು, ಅಂಟು ಬಿಡದು!

ಎರಡೂವರೆಗೆ ಮಂಚದಿಂದೆದ್ದ ನನ್ನವಳು ಡಬ್ಬಿಯೊಂದಿಗೆ ಗುದ್ದಾಡತೊಡಗಿದಳು.

"ಏನ್ರೀ ಇದು, ಮುಚ್ಚಳ ಬರ್ತಿಲ್ಲ?"

"ಗುರುತು ಹಾಕಿದೀನಿ ಕಣೇ."

"ಗುರುತಲ್ಲ, ಬೀಗ! ನಿಮ್ಮ ಭಾಷಣಕ್ಕೆ ಬೊಚ್ಚುಬಾಯಲ್ಲಿ ಬರ್ಲಾ?"

"ಮಾತಾಡೋನು ನಾನು. ನಿನಗ್ಯಾಕೆ ಹಲ್ಲು?"

"ನಗೋಕೆ!"

ಹೊತ್ತಾಯಿತೆಂದು ಬಾಗಿಲಿಗೆ ಕೈ ಹಾಕಿದೆ. ಅಲುಗಲಿಲ್ಲ. ಭುಜ ಕೊಟ್ಟೆ, ಭುಜ ಅಲುಗಿತು. ಉಳಿ, ಸುತ್ತಿಗೆ ಎಲ್ಲ ಹೊರಗಿನ ಕೊಟ್ಟಿಗೆಯಲ್ಲಿ! ಕಿಟಕಿಗೆ ಸರಳು ಕೂರಿಸಿದ ಪುಣ್ಯಾತ್ಮನೂ ನಾನೇ.

ಅಷ್ಟರಲ್ಲಿ ಸೊಸೆ ಏದುಸಿರು ಬಿಡುತ್ತ ಕಿಟಕಿಯಾಚೆ ಬಂದು ನಿಂತಳು.

"ಮಾವ, ಹೆಡ್‌ಮಾಸ್ಟರು ಶಾಲೆ ಗೇಟಲ್ಲೇ ಕಾಯ್ತಿದ್ದಾರೆ! ನನ್ನ ಮಾನ ನಿಮ್ಮ ಕೈಲಿದೆ!"

"ನಿನ್ನ ಮಾವನ ಕೈಲಿ ಅಂಟಿದ ಬಾಗಿಲು ತೆಗೆಯೋಕೇ ಆಗ್ತಿಲ್ಲ, ಮಾನ ಎಲ್ಲಿಂದ ಉಳೀಬೇಕು!" ಎಂದಳು ನನ್ನವಳು, ಹಲ್ಲಿಲ್ಲದಿದ್ದರೂ ಕಚ್ಚುತ್ತ.

ಸೊಸೆ ಮನೆಯೊಳಗೆ ಬಂದು ಬಾಗಿಲನ್ನು ನೂಕಿ, ಜಗ್ಗಿ, ಸೋತು ಕಿಟಕಿಗೆ ಮರಳಿದಳು. "ಪಕ್ಕದ ಬೀದೀಲಿ ಒಬ್ಬ ಬಡಗಿ ಇದ್ದಾನೆ ಮಾವ. ಐದೇ ನಿಮಿಷ, ಕರೀಲಾ?"

ಮೈಯೆಲ್ಲ ಉರಿದುಹೋಯಿತು.

"ನಾನಿರೋ ಮನೆಗೆ ಇನ್ನೊಬ್ಬ ಬಡಗಿಯೇ? ಬೇಡ, ಯಾರೂ ಬೇಡ! ಮಕ್ಕಳನ್ನ ಸಾಲಾಗಿ ಈ ಕಿಟಕಿ ಹತ್ರ ಕರ್ಕೊಂಡು ಬಾ. ಭಾಷಣ ಇಲ್ಲಿಂದಲೇ!"