ಮಾವ ಮುಚ್ಚಿದ ಗಾಳಿತೂತು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸೋದರಮಾವ ಕಾರಿನ ಒಂದು ತೂತು ಮುಚ್ಚಿದರು. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ಮಾವನ ಎದುರಿಗೆ ನೀವು ನಿಟ್ಟುಸಿರು ಬಿಡಬಾರದು. ಬಿಟ್ಟಿರೋ, ಎಲ್ಲಿ ಸೋರುತ್ತಿದೆ ಎಂದು ನಿಮ್ಮನ್ನೇ ನೀರಿನ ಬಾಣಲಿಯಲ್ಲಿ ಅದ್ದಿ ನೋಡುವ ಪೈಕಿ! ನ್ಯಾಮತಿಯಲ್ಲಿ ಮೂವತ್ತು ವರ್ಷ ಸೈಕಲ್ ಪಂಕ್ಚರ್ ಹಾಕಿದವರು. ಗಾಳಿ ಹೊರಗೆ ಹೋಗುವುದನ್ನು ಅವರಿಂದ ನೋಡಲಾಗದು. ಒಮ್ಮೆ ಕುಕ್ಕರಿನ ವಿಷಲ್ಲಿಗೂ ರಬ್ಬರ್ ತುಂಡು ಹಿಡಿದು ಹೋಗಿದ್ದರು. ಅತ್ತೆ ಸೌಟು ಎತ್ತಿದ್ದರಿಂದ ಚನ್ನಗಿರಿಯ ಅವರ ಬೀದಿ ಉಳಿಯಿತು.

ಇಂಥವರ ಕೈಗೆ ರೋಟರಿ ಎಂಜಿನ್ನಿನ ಕಾರು ಸಿಗಬೇಕೇ? ಹೊನ್ನಾಳಿಯ ಷೆಡ್ಡೊಂದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೆಯ ಜಪಾನಿ ಕಾರು. ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಬೆನ್ನು ಮಡಚಿ, ಮರ್ಯಾದೆಯನ್ನೂ ಮಡಚಿ ನುಸುಳಬೇಕು.

"ಇದ್ರಾಗೆ ಪಿಸ್ಟನ್ನೇ ಇಲ್ಲ ಕಣವ್ವಾ! ಮೂರು ಮೂಲೆ ರೋಟರ್ ಐತೆ. ರುಬ್ಬೋ ಗುಂಡು ತಿರುಗಿದಂಗೆ ತಿರುಗ್ತೈತೆ."

"ಈ ಬೆಲ್ಟಿನ ಪಂಪು ಯಾತಕ್ಕೆ ಮಾವ?"

"ಗಾಳಿ ಊದಾಕೆ. ಈ ಎಂಜಿನ್ ಪೆಟ್ರೋಲ್ ಪೂರಾ ಸುಡಾಕಿಲ್ಲ, ಉಳಿದದ್ದು ಹೊಗೆ ಜೊತೆ ಹೊರಗೆ ಬರ್ತೈತೆ. ಆ ಬಿಸಿ ಹೊಗೆಗೆ ಪಂಪು ಹೊಸ ಗಾಳಿ ಕೊಡ್ತೈತೆ, ಅಲ್ಲೇ ಉರಿದು ಹೋಗ್ತೈತೆ. ಮಿಕ್ಕಿದ್ದನ್ನ ಕೆಳಗಿನ ಡಬ್ಬಿ ಸುಡ್ತೈತೆ."

"ಅಂದ್ರೆ ಎಂಜಿನ್ ಒಳಗೂ ಬೆಂಕಿ, ಹೊರಗೂ ಬೆಂಕಿ?"

"ಬಿಎಸ್ಸಿ ಓದೀಯ, ಇಷ್ಟೂ ತಿಳಿಯಲ್ವಾ?"

ತಿಳಿಯಲಿಲ್ಲ. ಹೊಗೆ ಶುದ್ಧವಾಗಲಿ ಎಂದು ಹೊಗೆಗೇ ಬೆಂಕಿ ಇಡುತ್ತಾರೆಯೇ? ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ, ಓಡುತ್ತಿದ್ದ ಎಂಜಿನ್ನಿನಲ್ಲಿ ಪಂಪಿನ ಪಕ್ಕದ ವಾಲ್ವೊಂದು 'ಪುಸ್' ಎಂದಿತು. ಮಾವನ ಮುಖ ಕಪ್ಪಿಟ್ಟಿತು.

"ಸೋರ್ತೈತೆ!"

ರಬ್ಬರ್ ತುರುಕಿ, ಕ್ಲಿಪ್ಪು ಬಿಗಿದೇಬಿಟ್ಟರು.

ಅದು ಸೋರಿಕೆಯೇ ಅಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಸುಡದ ಪೆಟ್ರೋಲು ಹೆಚ್ಚಾಗಿ ಹೊರಬರುತ್ತದಂತೆ. ಆಗ ಅದಕ್ಕೆ ಗಾಳಿ ಸಿಗಬಾರದೆಂದೇ ವಾಲ್ವು ಗಾಳಿಯನ್ನು ಹೊರಗೆ ಚೆಲ್ಲುತ್ತದಂತೆ. ಆ ದಾರಿ ಮುಚ್ಚಿದರೆ? ಸೈಲೆನ್ಸರಿನೊಳಗೆ ದೀಪಾವಳಿ, ಕೆಳಗಿನ ಡಬ್ಬಿ ಕೆಂಡ!

ಅವತ್ತು ಜಗಳೂರಿನಲ್ಲಿ ಅತ್ತೆಯ ತಂಗಿಯ ಮೊಮ್ಮಗಳಿಗೆ ತೊಟ್ಟಿಲ ಶಾಸ್ತ್ರ. ಹಿಂದೆ ಮಂಡಿನೋವಿನ ಅತ್ತೆ, ಮುಂದೆ ನಾನು. ತ್ಯಾವಣಿಗೆಯ ರಸ್ತೆಯುಬ್ಬಿನಲ್ಲಿ ಮಾವ ಕಾಲು ಎತ್ತಿದರು. ಢಂ! ಚಹಾದಂಗಡಿಯಿಂದ ಒಬ್ಬರು, "ಯಾರಿಗ್ರೀ ಗುಂಡು ಹೊಡೆದ್ರಿ?" ಎಂದರು.

"ಗಾಡಿಗೆ ದಮ್ಮು ಜಾಸ್ತಿ ಆಗೈತೆ!" ಎಂದು ಮಾವ ಬೀಗಿದರು.

"ರೀ, ಕಾಲ ಕೆಳಗೆ ಸುಡಾಕೆ ಹತ್ತೈತೆ."

"ಚಳಿಗಾಲ ಅಲ್ವೇನೆ, ಹಿತವಾಗಿರ್ತೈತೆ ಸುಮ್ಕಿರು."

ಬಿಳಿಚೋಡು ದಾಟಿದ ಮೇಲೆ ಡಾಂಬರು ರಸ್ತೆಯ ತುಂಬ ಒಣಗಿದ ಹುರುಳಿ ಗಿಡ ಹರವಿತ್ತು. ಆ ಕಡೆ ರಸ್ತೆಯೇ ಕಣ. ಹೋಗಿ ಬರುವ ಗಾಡಿಗಳ ಗಾಲಿಯೇ ಕಾಳು ಉದುರಿಸಬೇಕು. ಎಲ್ಲರೂ ಒಂದು ಸಲ ಹಾಯ್ದು ಹೋಗುತ್ತಾರೆ. ನಮ್ಮ ಮಾವ ಹಾಗೆ ಹೋಗುವವರೇ? ಅಂಚಿನಲ್ಲಿ ಕೋಲು ಹಿಡಿದು ನಿಂತಿದ್ದ ಹೆಂಗಸಿಗೆ ಉಪಕಾರವಾಗಲೆಂದು ಹಿಂದಕ್ಕೂ ಮುಂದಕ್ಕೂ ಏಳೆಂಟು ಸಲ ಓಡಿಸಿದರು! ಕಾಲು ಒತ್ತುವುದು, ಎತ್ತುವುದು, ಢಂ! ಕೊನೆಗೆ ಹುರುಳಿಯ ನಟ್ಟನಡುವೆ ನಿಲ್ಲಿಸಿ ಕೇಳಿದರು:

"ಸಾಕೇನಕ್ಕಾ?"

"ಸಾಕು ಯಣ್ಣಾ... ಯಣ್ಣಾ! ಗಾಡಿ ಕೆಳಗೆ ಬೆಂಕಿ ಹತ್ತೈತೆ!"

ಇಲ್ಲಿಂದಾಚೆಗೆ ನನ್ನ ನೆನಪು ಎಷ್ಟು ಸಲ ತಿರುಗಿಸಿದರೂ ಕಲಸುಮೇಲೋಗರ. ನಾನು ಹೊರಗೆ ಹಾರಿದ್ದೆ. ಸೀಟು ಮಡಚಿದೆನೇ? ಇಲ್ಲ. ಮಾವನೂ ಇಳಿದು ಓಡಿದರು. ಎಲ್ಲಿಗೆ? ಬಾನೆಟ್ಟಿಗೆ! ಅದನ್ನೆತ್ತಿ ಆ ರಬ್ಬರ್ ತುಂಡನ್ನು ಹುಡುಕುತ್ತಿದ್ದರು. ಹೊಗೆಯೊಳಗಿಂದ ಅತ್ತೆಯ ದನಿ ಬರುತ್ತಿತ್ತು.

"ರೀ, ಬಾಗ್ಲು ತೆಗೀರಿ! ಬಾಗ್ಲು!"

ಅತ್ತೆಯ ಪಕ್ಕದಲ್ಲಿ ಬಾಗಿಲೇ ಇರಲಿಲ್ಲವಲ್ಲ! ಮಾವ ತಲೆ ಮುಂದಾಗಿ ಕಾರಿನೊಳಕ್ಕೆ ನುಗ್ಗಿ, ಸೀಟನ್ನು ಗುದ್ದಿ ಮಡಚಿದರು. ಆ ಹೆಂಗಸು ಕೋಲು ಬಿಸಾಡಿ ಅತ್ತೆಯ ರಟ್ಟೆ ಹಿಡಿದರು. ಇಬ್ಬರೂ ಎಳೆದು ಹೊಲಕ್ಕೆ ತಂದು ಹಾಕುವಷ್ಟರಲ್ಲಿ ಟೈರುಗಳು ಒಡೆದವು. ಅರ್ಧ ಹುರುಳಿ ಬೂದಿಯಾಗಿತ್ತು.

"ಹುಳ್ಳಿ ಹೋದ್ರೆ ಹೋಗ್ಲಿ ಬಿಡ್ರಿ, ಅಕ್ಕ ಬಂದ್ರಲ್ಲ," ಎಂದರು ಆಕೆ. ಮಾವ ಅತ್ತೆಯ ಸೀರೆಗೆ ಅಂಟಿದ ಮಸಿ ಕೊಡವುತ್ತ ಕೂತರು.

ನಾನು ಕೆಲವು ದಿನ ಚನ್ನಗಿರಿಯ ಮಾವನ ಮನೆಯಲ್ಲೇ ಉಳಿದೆ. ಅತ್ತೆ ದಿನಾ ರಾತ್ರಿ ಬೆಚ್ಚಿಬಿದ್ದು "ಬಾಗ್ಲು ತೆಗೀರಿ" ಎನ್ನುವುದು, ಮಾವ ಎದ್ದು, ತೆರೆದೇ ಇದ್ದ ಬಾಗಿಲನ್ನು ಅಲ್ಲಾಡಿಸಿ "ತೆಗ್ದೈತೆ ನೋಡು" ಎನ್ನುವುದು. ಹೊರಗಿನ ಕೋಣೆಯಲ್ಲಿ ನಾನೂ ಎದ್ದು ಕೂರುವುದು.

ಹನ್ನೆರಡನೆಯ ದಿನ ಸಂಜೆ ಮಾವ ಸ್ಕ್ರೂಡ್ರೈವರ್ ತಂದು ಮಲಗುವ ಕೋಣೆಯ ಬಾಗಿಲ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನೇ ಕಿತ್ತು ಹಿತ್ತಿಲಿಗೆ ಹೊತ್ತರು.

"ಏನ್ರೀ ಇದು! ಬಂದೋರು ಏನಂತಾರೆ?"

"ಅನ್ಲಿ. ಇನ್ಮ್ಯಾಲೆ ನೀನು ಬಾಗ್ಲು ತೆಗ್ಯಾಕೆ ನಾ ಬರ್ಲಿ ಅಂತ ಕಾಯೋ ಹಂಗಿಲ್ಲ."

ಅತ್ತೆ ಇಬ್ಬರ ಹಾಸಿಗೆ ಹಾಸಿದರು. ಅವತ್ತು ಬೆಳಗಾಗುವವರೆಗೆ ಮನೆಯಲ್ಲಿ ಯಾರೂ ಏಳಲಿಲ್ಲ.