ಕಲೆ ಬೀಳದ ಭುಜ

ಸೇನಾ ಶಿಬಿರದಲ್ಲಿ ಗುರುವಾರದ ಬಟಾಣಿ ಸೂಪಿನ ಸಾಲಿನಲ್ಲಿ ಇಲ್ಪೊ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅವನ ಸೊಂಟ ಉಳಿಯುತ್ತಿತ್ತು. ಊರಲ್ಲಿ ಹಾಲಿನ ಲಾರಿ ಓಡಿಸಿಕೊಂಡಿದ್ದವನನ್ನು ಮೀಸಲು ಪಡೆಯ ಕವಾಯತಿಗೆಂದು ಎರಡು ವಾರಕ್ಕೆ ಕರೆಸಿದ್ದರು. ಅವತ್ತು ಮೂರು ದೇಶಗಳ ಭಾರೀ ಬಂದೂಕುಗಳ ಪರೀಕ್ಷೆ. ಒಂದೂವರೆ ಕಿಲೋಮೀಟರ್ ದೂರದ ಲಾರಿಯನ್ನೂ ನಿಂತಲ್ಲೇ ಕೆಡವುವಂಥವು.

"ಬಂದೂಕಿನ ಯೋಗ್ಯತೆ ಹೊಡೆಯೋನಿಗೇನು ಗೊತ್ತು? ಹೊತ್ತೋನನ್ನ ಕೇಳ್ಬೇಕು," ಎಂದುಬಿಟ್ಟ ಇಲ್ಪೊ.

ಹಿಂದೆಯೇ ತಟ್ಟೆ ಹಿಡಿದು ಮೇಜರ್ ತಾಸ್ಕಿನೆನ್ ನಿಂತಿದ್ದರು. "ಹಾಗಾದ್ರೆ ನೀನೇ ಹೊರು. ಗೆದ್ದ ಬಂದೂಕನ್ನ ಸೋಮವಾರದಿಂದ ಆರು ದಿನ ಜೌಗಿನಲ್ಲೂ ನೀನೇ ಎಳ್ಕೊಂಡು ಬಾ."

ಮೊಣಕಾಲುದ್ದ ಹಿಮದಲ್ಲಿ ಇಲ್ಪೊ ಜಾರುಬಂಡಿ ಎಳೆದುಕೊಂಡು ಮೂರು ಸಲ ಗುಡ್ಡ ಹತ್ತಿದ. ದಕ್ಷಿಣ ಆಫ್ರಿಕಾದ್ದು ಇಪ್ಪತ್ತಾರು ಕಿಲೋ, ಅಮೆರಿಕದ್ದು ಹದಿನಾಲ್ಕು, ಆಸ್ಟ್ರಿಯಾದ್ದು ಹನ್ನೆರಡು. ಮೂರನೇ ಸಲ ಮೇಲೆ ಮುಟ್ಟುವ ಹೊತ್ತಿಗೆ ಲೋಕದಲ್ಲಿ ಯಾವ ಬಂದೂಕು ಶ್ರೇಷ್ಠ ಎಂಬ ಬಗ್ಗೆ ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಆದರೆ ದಕ್ಷಿಣ ಆಫ್ರಿಕಾದ್ದನ್ನು ಮಲಗಿ ಹೊಡೆದು ಎದ್ದ ಸಾರ್ಜೆಂಟ್ ಪೆಕೊನೆನ್‌ನ ಮುಖ ಅರಳಿತ್ತು. "ತೊಟ್ಟಿಲು ತೂಗಿದ ಹಾಗಿದೆ ಮಾರಾಯ. ಭಾರ ಇದ್ದಷ್ಟೂ ಭುಜಕ್ಕೆ ಬೀಳೋ ಒದೆ ಕಮ್ಮಿ."

"ಆ ತೊಟ್ಟಿಲನ್ನ ನೀವು ಎಳೀಲಿಲ್ಲವಲ್ಲ," ಎಂದು ಇಲ್ಪೊ ಗೊಣಗಿದ.

ಅಮೆರಿಕದ್ದನ್ನು ಹೊಡೆದ ಲೆಫ್ಟಿನೆಂಟ್ ಅದನ್ನೇ ಹೊಗಳತೊಡಗಿದ. ಮೇಜರ್ ಕೈಯೆತ್ತಿದರು. "ಸಂಜೆ ಸೌನಾದಲ್ಲಿ ಹಬೆ ತಗೊಳ್ಳೋವಾಗ ಎಲ್ಲರ ಭುಜ ನೋಡ್ತೀನಿ. ಬಾಯಿ ಸುಳ್ಳು ಹೇಳುತ್ತೆ, ಚರ್ಮ ಹೇಳಲ್ಲ."

ಇಲ್ಪೊ ಲೆಕ್ಕ ಹಾಕಿದ. ಹಗುರ ಬಂದೂಕಿನ ಒದೆಗೆ ಭುಜ ನೀಲಿಗಟ್ಟುವುದು ಖಂಡಿತ. ಆಮೇಲೆ ಇಪ್ಪತ್ತಾರು ಕಿಲೋ ಅವನ ಪಾಲಿಗೇ.

"ಸರ್, ಆಸ್ಟ್ರಿಯಾದ್ದನ್ನ ನಾನು ಹೊಡೀಲಾ?"

ಮೇಜರ್ ಹೂಂ ಎಂದು ತಲೆಯಾಡಿಸಿದರು. ಇಲ್ಪೊ ಪೈನ್ ಮರದ ಹಿಂದೆ ಹೋಗಿ ಎಡಗಾಲಿನ ಬೂಟು ಬಿಚ್ಚಿ, ಹೆಂಡತಿ ಹೆಣೆದ ದಪ್ಪ ಉಣ್ಣೆಯ ಕಾಲುಚೀಲ ತೆಗೆದು, ಮಡಿಸಿ ಅಂಗಿಯೊಳಗೆ ಭುಜದ ಮೇಲಿಟ್ಟುಕೊಂಡ. ಐದು ಗುಂಡು ಹೊಡೆದ. ಹಲ್ಲು ಅಲ್ಲಾಡಿದರೂ ನಗು ಮಾಸಲಿಲ್ಲ. ಗುರಿಗೆಂದು ನಿಲ್ಲಿಸಿದ್ದ ಹಳೇ ಲಾರಿಯ ಎಂಜಿನ್ ಎಲ್ಲಿದೆಯೆಂದು ಇಪ್ಪತ್ತು ವರ್ಷ ಅಂಥ ಲಾರಿಗಳಡಿ ಮಲಗಿ ರಿಪೇರಿ ಮಾಡಿದವನಿಗೆ ಹೇಳಿಕೊಡಬೇಕೇ? ಐದೂ ಅಲ್ಲಿಗೇ ಬಿದ್ದವು.

ಕಾಲುಚೀಲವನ್ನು ಮತ್ತೆ ಕಾಲಿಗೆ ಹಾಕಿಕೊಳ್ಳಲು ಮಾತ್ರ ಬಿಡುವು ಸಿಗಲಿಲ್ಲ. ಬಂದೂಕುಗಳನ್ನು ಕೆಳಗಿಳಿಸುವಷ್ಟರಲ್ಲಿ ಎಡಪಾದ ತನ್ನದೋ ಬೇರೆಯವರದೋ ತಿಳಿಯದಂತಾಗಿತ್ತು.

ಸಂಜೆ ಸೌನಾದ ಹಬೆಯಲ್ಲಿ ಎಲ್ಲರೂ ಬರಿಮೈಯಲ್ಲಿ ಸಾಲಾಗಿ ಕೂತರು. ಸಾರ್ಜೆಂಟನ ಭುಜ ನಸುಗೆಂಪು. ಲೆಫ್ಟಿನೆಂಟನದು ಇನ್ನೂ ಕೆಂಪು. ಇಲ್ಪೊನದು ಹಾಲಿನಂತೆ ಬಿಳುಪು.

"ಒಂದು ಗುರುತೂ ಇಲ್ಲ," ಎಂದರು ಮೇಜರ್.

"ಒದೆಯೋದೇ ಇಲ್ಲ ಸರ್, ಹಸು ಮೂಸಿದ ಹಾಗಿತ್ತು," ಎಂದ ಇಲ್ಪೊ.

ಮೇಜರರ ಕಣ್ಣು ಭುಜದಿಂದ ನಿಧಾನವಾಗಿ ಕೆಳಗಿಳಿದು ಎಡಪಾದದ ಮೇಲೆ ನಿಂತಿತು. ಚಳಿಗೆ ಮರಗಟ್ಟಿದ್ದಕ್ಕೆ ಬಿಸಿ ತಗುಲಿ ಅದೊಂದೇ ಬೇಯಿಸಿದ ಸೀಗಡಿಯ ಹಾಗೆ ಕೆಂಪಾಗಿತ್ತು. ಪೆಕೊನೆನ್ ಕಿಸಕ್ಕೆಂದ. ಇಲ್ಪೊ ಒಂದು ಪಾದದ ಹಿಂದೆ ಇನ್ನೊಂದನ್ನು ಬಚ್ಚಿಡಲು ನೋಡಿದ.

"ಆಸ್ಟ್ರಿಯಾದ್ದೇ ಇರಲಿ," ಎಂದರು ಮೇಜರ್ ಕೊನೆಗೆ. ಇಲ್ಪೊಗೆ ಹೋದ ಜೀವ ಬಂದಂತಾಯಿತು.

"ಗುರಿ ಸರಿಯಿದೆ, ಹಗುರವಾಗೂ ಇದೆ. ಒದೆಯೊಂದೇ ತೊಂದರೆ, ಅದು ಹೊಡೆಯೋನ ತೊಂದರೆ. ಐದಕ್ಕೆ ಐದೂ ಎಂಜಿನ್‌ಗೆ ಹಾಕಿದೋನನ್ನ ಬಿಡೋಕಾಗುತ್ತಾ? ಸೋಮವಾರದಿಂದ ಹೊಡೆಯೋದು ನೀನೇ, ದಿನಕ್ಕೆ ನಲವತ್ತು ಗುಂಡು. ಇಷ್ಟು ಹಗುರ ಅಂದ್ಮೇಲೆ ಹೊರೋಕೆ ಇನ್ನೊಬ್ಬ ಯಾಕೆ? ಅದೂ ನೀನೇ."

ಪೆಕೊನೆನ್ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದ.

ಮೇಜರ್ ಎದ್ದು ಬಾಗಿಲ ಬಳಿ ನಿಂತರು. "ಹಾಂ, ಸೋಮವಾರ ಬೆಳಿಗ್ಗೆ ಬರೋವಾಗ ಎರಡೂ ಕಾಲಿಗೆ ಕಾಲುಚೀಲ ಇರ್ಲಿ. ಬೂಟು ಬಿಚ್ಚಿಸಿ ನಾನೇ ನೋಡ್ತೀನಿ."