ಅಕ್ಕ ಕೊಂಡ ಬಾಡಿಗೆ ಮನೆ

ನಮ್ಮಕ್ಕ ಮ್ಯಾಂಚೆಸ್ಟರಿನಲ್ಲಿ ಎರಡನೆಯ ಮನೆ ಕೊಂಡಿದ್ದು ಮಲಗಿ ನೋಡಿ! ತಮಾಷೆಯಲ್ಲ, ನಿಜವಾಗಿಯೂ ಮಲಗಿಯೇ. ಜನ ಗೋಡೆ ನೋಡುತ್ತಾರೆ, ಚಾವಣಿ ನೋಡುತ್ತಾರೆ, ಪೋಸ್ಟ್‌ಕೋಡ್ ನೋಡುತ್ತಾರೆ. ಅಕ್ಕ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಊರಿನವರನ್ನೆಲ್ಲ ಮಲಗಿಸುವುದೇ ಕಸುಬಾದವಳು ಇನ್ನು ಹೇಗೆ ನೋಡಿಯಾಳು?

ಅದೇ ಊರಿನ ಡಿಡ್ಸ್‌ಬರಿ ಬಡಾವಣೆಯಲ್ಲಿ ಅವಳಿಗೆ ಸ್ವಂತ ಮನೆಯಿತ್ತು. ಒಂಟಿ ಜೀವ, ಕೈತುಂಬ ಕೆಲಸ. ಇದ್ದಕ್ಕಿದ್ದಂತೆ ಇನ್ನೊಂದು ಮನೆ ಕೊಂಡು ಬಾಡಿಗೆಗೆ ಬಿಡುತ್ತೇನೆಂದು ಹಟ ಹಿಡಿದಳು. "ಯಾಕೇ?" ಅಂದರೆ, "ಪೆನ್ಶನ್‌ಗೆ ಇರಲಿ ಬಿಡೇ" ಅಂದಳು. ಆಗ ನಾನು ಲೀಡ್ಸ್‌ನಲ್ಲಿ ಗಂಡನ ಜೊತೆಗಿದ್ದೆ. ಶನಿವಾರ ರೈಲು ಹತ್ತಿ ಬಂದು ಅವಳ ಹಿಂದೆ ಮನೆ ನೋಡಲು ಅಲೆಯುವ ಭಾಗ್ಯ ನನ್ನದಾಯಿತು.

ಏರ್‌ಪೋರ್ಟಿನ ಹತ್ತಿರದ ವಿದನ್‌ಶಾದಲ್ಲಿ ಒಂದು ಮನೆಯ ನೆತ್ತಿಯ ಮೇಲೇ ವಿಮಾನಗಳು ಹಾರುತ್ತಿದ್ದವು. "ಈ ಸದ್ದಿನಲ್ಲಿ ನಿದ್ದೆ ಬರುತ್ತಾ? ನೋಡಬೇಕು" ಎಂದವಳೇ ಖಾಲಿ ಬೆಡ್‌ರೂಮಿನಲ್ಲಿ ಕೋಟು ಹಾಸಿ ಮಲಗಿಬಿಟ್ಟಳು. ಹಿಂದಿನ ರಾತ್ರಿಯೆಲ್ಲ ಡ್ಯೂಟಿ ಬೇರೆ! ಕಣ್ಣು ಮಿಟುಕಿಸುವಷ್ಟರಲ್ಲಿ ಗೊರಕೆ. ಮನೆ ತೋರಿಸಲು ಬಂದಿದ್ದ ಏಜೆಂಟ್ ಹುಡುಗಿ ಗಾಬರಿಯಾಗಿ, "ಆಂಬುಲೆನ್ಸ್ ಕರೀಲಾ?" ಎಂದು ಪಿಸುಗುಟ್ಟಿದಳು. ಬಹಳ ಹೊತ್ತಿನ ಮೇಲೆ ಎದ್ದ ಅಕ್ಕ ಮುಖ ಒರೆಸಿಕೊಂಡು, "ಮನೆ ಚೆನ್ನಾಗಿದೆ. ನೆಲ ತಣ್ಣಗಿದೆ, ಬೆಲೆ ಸ್ವಲ್ಪ ಇಳಿಸಿ" ಅಂದಳು. ಇಳಿಸಿದರು ಕಣ್ರೀ!

ಬಾಡಿಗೆಗೆ ಬಿಡುವ ಮನೆಗೆ ಇಲ್ಲಿ ಸಾಲವೇ ಬೇರೆ, ಬೈ-ಟು-ಲೆಟ್ ಮಾರ್ಟ್‌ಗೇಜ್ ಅಂತ. ಬರುವ ಬಾಡಿಗೆಯಲ್ಲಿ ಕಂತು ನಡೆಯುತ್ತದೆಯೇ ಎಂದು ಅಳೆದೂ ಸುರಿದೂ ಕೊಡುತ್ತಾರೆ. ಸಾಲದ ಸಲಹೆಗಾರ ಟೈ ಕಟ್ಟಿದ ಸಭ್ಯ ಮನುಷ್ಯ. "ಪ್ರತಿ ತಿಂಗಳು ಬಡ್ಡಿ ಮಾತ್ರ ಕಟ್ಟಿ ಡಾಕ್ಟರ್, ಅಸಲು ಕೊನೆಗೆ ಕೊಟ್ಟರಾಯಿತು" ಎಂದು ವಿವರಿಸಿದ.

"ಅಂದರೆ ರೋಗ ಹಾಗೇ ಇರುತ್ತೆ, ನೋವಿಗೆ ಮಾತ್ರ ಮಾತ್ರೆ!" ಎಂದು ಅಕ್ಕ ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಆತ ಪೆನ್ನು ಕೆಳಗಿಟ್ಟು, "ಇದನ್ನು ಬೇರೆ ಗಿರಾಕಿಗಳಿಗೂ ಹೇಳಬಹುದಾ?" ಎಂದು ಅನುಮತಿ ಕೇಳಿದ. ಅಕ್ಕ ಅಸಲು ಸಮೇತ ತೀರಿಸುವ ಸಾಲವನ್ನೇ ತೆಗೆದುಕೊಂಡಳು.

ಉಡುಪಿ ಕಡೆಯ ಇಬ್ಬರು ಎಂಎಸ್ಸಿ ಹುಡುಗಿಯರು ಬಾಡಿಗೆಗೆ ಬಂದರು. ಕೊರೆಯುವ ಚಳಿಯಲ್ಲಿ ಬಾಯ್ಲರ್ ಕೈಕೊಟ್ಟಿತು. ಓನರು ಫೋನೇ ಎತ್ತದ ಕಥೆ ನೀವು ಕೇಳಿರುತ್ತೀರಿ. ಬಾಡಿಗೆಯವರು ಟವೆಲ್ ಹಿಡಿದು ಟ್ರಾಮ್ ಹತ್ತಿ ಓನರ ಮನೆಗೆ ಸ್ನಾನಕ್ಕೆ ಬಂದಿದ್ದು ಕೇಳಿದ್ದೀರಾ? ಬಂದವರ ತಲೆಗೆ ಅಕ್ಕ ಎಣ್ಣೆ ಒತ್ತಿ, ಬಿಸಿನೀರು ಹಾಕಿಸಿ, ಬಿಸಿಬಿಸಿ ಸಾರು ಅನ್ನ ಬಡಿಸಿ ಕಳಿಸುತ್ತಿದ್ದಳು. ಬಾಯ್ಲರ್ ರಿಪೇರಿಯಾದ ಮೇಲೆ ಹುಡುಗಿಯರ ಫೋನು: "ಆಂಟಿ, ಇದು ಮತ್ತೆ ಯಾವಾಗ ಕೆಡುತ್ತೆ?"

ಓದು ಮುಗಿಸಿ ಅವರು ಮನೆ ಖಾಲಿ ಮಾಡಿದ ಬೇಸಗೆಯಲ್ಲೇ ನನ್ನ ಮದುವೆಯೂ ಮುಗಿದುಹೋಯಿತು. ಎರಡು ಸೂಟ್‌ಕೇಸ್ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತೆ. ಅವಳು ನನ್ನನ್ನು ಕೂರಿಸಿ, ನೇರ ಆ ಸಾಲದ ಸಲಹೆಗಾರನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು.

"ನನ್ನ ತಂಗಿ ಆ ಮನೆಗೆ ಬರ್ತಾಳೆ. ಏನು ಮಾಡಬೇಕು ಹೇಳಿ."

"ಆಗಲ್ಲ ಡಾಕ್ಟರ್. ಈ ಸಾಲದಲ್ಲಿ ಒಡಹುಟ್ಟಿದವರನ್ನು ಅಲ್ಲಿ ಇರಿಸುವಂತಿಲ್ಲ. ಆವತ್ತೇ ಹೇಳಿದ್ದೆ."

"ಹೇಳಿರಬಹುದು, ನಾನು ನಗ್ತಾ ಇದ್ದೆ. ಅಲ್ರೀ, ಆ ಮನೆ ಕೊಂಡಿದ್ದೇ ಅವಳಿಗೋಸ್ಕರ! ದೀಪಾವಳಿಗೆ ಬಂದವಳು ವಾಪಸ್ ರೈಲು ಹತ್ತೋವಾಗ ಅವಳ ಮುಖ ನೋಡೋಕಾಗಲಿಲ್ಲ. ಮುಂದೆ ಬೇಕಾಗುತ್ತೆ ಅಂತಲೇ..."

ನಾನೋ, ಯಾರಿಗೂ ಏನೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ!

ಸಲಹೆಗಾರ ಮೆಲ್ಲಗೆ, "ನಿಮ್ಮ ಸ್ವಂತ ಮನೆಯಲ್ಲಿ ಯಾರಿದ್ದರೂ ಅಡ್ಡಿಯಿಲ್ಲ ಡಾಕ್ಟರ್" ಅಂದ. ಅಕ್ಕ ಫೋನಿಟ್ಟು, ಎರಡೂ ಸೂಟ್‌ಕೇಸ್ ಎತ್ತಿಕೊಂಡು, ಏದುಸಿರು ಬಿಡುತ್ತ ಮಹಡಿ ಹತ್ತಿದಳು.

ಆ ಮನೆಗೆ ಬೇರೆಯವರು ಬಂದರು. ನಾನು ಇಲ್ಲೇ ಉಳಿದೆ. ಸಾಲದ ಆ ಷರತ್ತಿಗೆ ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅದಿಲ್ಲದಿದ್ದರೆ ಆ ಬೇಸಗೆಯನ್ನು ನಾನೊಬ್ಬಳೇ ದಾಟಬೇಕಿತ್ತು. ಕಂಡವರನ್ನೆಲ್ಲ ಪ್ರಶ್ನೆ ಕೇಳಿ ಸುಸ್ತು ಮಾಡುವ ಅಕ್ಕ, ಲೀಡ್ಸ್‌ನಲ್ಲಿ ಏನಾಯಿತೆಂದು ನನ್ನನ್ನು ಇವತ್ತಿನವರೆಗೆ ಒಂದು ಮಾತು ಕೇಳಿಲ್ಲ. ಬೆಳಿಗ್ಗೆ ನಾನು ಕೆಳಗಿಳಿದು ಬರುವಷ್ಟರಲ್ಲಿ ಎರಡು ಲೋಟಕ್ಕೆ ಕಾಫಿ ಬೆರೆಸಿರುತ್ತಾಳೆ, ಅಷ್ಟೇ.